ಶ್ರೀಮತಿ ಹೌನಾನಿ ಪೆಲೆಕಾಯಿ ಅವರ ಮೊದಲ ಹಲಗೆಯ ಯೋಗ್ಯತೆಯ ಬಗ್ಗೆ

ಕರಾವಳಿ ಕ್ರಮಬದ್ಧತಾ ಇಲಾಖೆ
ಆರಂಭಿಕರ ಶಾಖೆ
ಹಾನಾಪೂನಿ ಕೊಲ್ಲಿ ಉಪಕಚೇರಿ, ಹವಾಯಿ

ಸಂಖ್ಯೆ: ಕಕ್ರಇ/ಆರಂಭಿಕ/ಹಲಗೆ/ಸಾಮಾನ್ಯ-ಅಸಾಮಾನ್ಯ

ಸುತ್ತೋಲೆ

ವಿಷಯ: ಅಲೆ ಏರಬಯಸುವ ಆರಂಭಿಕರು ತಮ್ಮ ಮೊದಲ ಸರ್ಫ್ ಹಲಗೆಯನ್ನು (ಇನ್ನು ಮುಂದೆ 'ಹಲಗೆ') ಆಯ್ದುಕೊಳ್ಳುವಾಗ ಪಾಲಿಸಬೇಕಾದ ಕ್ರಮಗಳ ಬಗ್ಗೆ, ಹಾಗೂ ಸದರಿ ಕ್ರಮಗಳನ್ನು ಶ್ರೀಮತಿ ಹೌನಾನಿ ಪೆಲೆಕಾಯಿ ಅವರು ಪಾಲಿಸದಿರುವ ಬಗ್ಗೆ.

ಉಲ್ಲೇಖ: 1. ಇದೇ ವಿಷಯದ ಹಿಂದಿನ ಸುತ್ತೋಲೆ (ಗಾಳಿಗೆ ಹಾರಿ ಸಮುದ್ರ ಸೇರಿದ್ದು, ಪ್ರತಿ ಲಭ್ಯವಿರುವುದಿಲ್ಲ).
2. ದಂಡೆಯ ಹೋಟೆಲು ಮಾಲೀಕರು ಊಟದ ವೇಳೆ ಮೌಖಿಕವಾಗಿ ಸಲ್ಲಿಸಿದ ಕೋರಿಕೆ.
3. ಕ್ಷೇತ್ರ ನಿರೀಕ್ಷಕ ಶ್ರೀ ಡೆಕ್ಸ್ಟರ್ ಅಗುಸ್ತಿನ್ ಅವರ ಒದ್ದೆಯಾದ ವರದಿ.

ಪ್ರಸ್ತಾವನೆ

ಹಾನಾಪೂನಿ ಶಾಲೆಯ ಅಡುಗೆಮನೆಯಿಂದ ನಿವೃತ್ತರಾದ ಶ್ರೀಮತಿ ಹೌನಾನಿ ಪೆಲೆಕಾಯಿ ಅವರ ಪತಿ ಶ್ರೀ ಎಲಿಯಾ ಪೆಲೆಕಾಯಿ ಅವರು ಕಳೆದ ತಿಂಗಳು ನಿಧನರಾಗಿರುತ್ತಾರೆ. ಮೃತರು ಬದುಕಿರುವವರೆಗೂ ಪ್ರತಿದಿನ ಮುಂಜಾನೆ ಯಾವುದೇ ಪರವಾನಗಿಯಿಲ್ಲದೆ ಅಲೆ ಏರುತ್ತಿದ್ದರೆಂದೂ, ಶ್ರೀಮತಿಯವರು ಅನ್ನ ಮತ್ತು ಹುರಿದ ಮೀನಿನ ಡಬ್ಬಿ ಹಿಡಿದು ಮರಳಿನ ಮೇಲೆ ನಿಂತಿರುತ್ತಿದ್ದರೆಂದೂ, ಹೆದರಿಕೆಯ ಕಾರಣ ಮೊಣಕಾಲಿನ ಮೇಲಿನ ನೀರಿಗೆ ಅವರು ಎಂದೂ ಇಳಿದವರಲ್ಲವೆಂದೂ ವಿಚಾರಣೆಯಿಂದ ತಿಳಿದುಬಂದಿದೆ.

ಅಲೆ ಏರುವವರು ತೀರಿಕೊಂಡಾಗ ಊರಿನವರೆಲ್ಲ ಹಲಗೆಗಳ ಮೇಲೆ ಅಲೆ ಒಡೆಯುವ ಜಾಗದಾಚೆಗೆ ಹೋಗಿ, ಕೈ ಕೈ ಹಿಡಿದು ವೃತ್ತವಾಗಿ ಕುಳಿತು, ನಡುವಿನ ನೀರಿಗೆ ಹೂವನ್ನೂ ಚಿತಾಭಸ್ಮವನ್ನೂ ಬಿಡುವ ಪದ್ಧತಿಯು ಇಲಾಖೆಯು ಹುಟ್ಟುವ ಮೊದಲಿನಿಂದಲೂ ಇಲಾಖೆಯ ಗಮನಕ್ಕೆ ಬಾರದೆ ನಡೆದುಕೊಂಡು ಬಂದಿರುತ್ತದೆ. ಶ್ರೀ ಎಲಿಯಾ ಅವರ ಕಾರ್ಯವನ್ನು ಶನಿವಾರ ಬೆಳಗ್ಗೆ ನಿಗದಿಪಡಿಸಲಾಗಿತ್ತು. ಶ್ರೀಮತಿಯವರಿಗಾಗಿ ದೋಣಿಯೊಂದನ್ನು ಗೊತ್ತುಮಾಡಿದ್ದಾಗ್ಯೂ ಅವರು ಅದನ್ನು ತಿರಸ್ಕರಿಸಿ ನೀಡಿದ ಹೇಳಿಕೆಯನ್ನು ನಿರೀಕ್ಷಕರು ತಿದ್ದುಪಡಿಯಿಲ್ಲದೆ ದಾಖಲಿಸಿಕೊಂಡಿರುತ್ತಾರೆ:

"ದೋಣೀಲಿ ಕೂತು ಹೋಗೋಕೆ ನಾನೇನು ಊರು ನೋಡೋಕೆ ಬಂದಿದೀನಾ? ಅವನು ಹೋಗ್ತಿದ್ದ ಹಾಗೇ ಹೋಗ್ತೀನಿ. ಇಷ್ಟು ವರ್ಷ ದಡದಲ್ಲೇ ನಿಂತೆ. ಕೊನೇ ಸಲಾನೂ ಅವನನ್ನ ಬೇರೆಯವರ ಕೈಗೆ ಕೊಟ್ಟು ನಿಂತ್ಕೊಂಡಿರಲಾ?"

ಈ ಪ್ರಶ್ನೆಗೆ ಉತ್ತರವು ಹಾಲಿ ನಿಯಮಗಳಲ್ಲಿ ಇಲ್ಲದಿರುವುದರಿಂದ, ಹೊಸ ನಿಯಮಗಳನ್ನು ರೂಪಿಸಿ ಈ ಮೂಲಕ ಸೂಚಿಸಲಾಗಿದೆ.

1. ಆರಂಭಿಕರು ಯಾರು: ಇಲಾಖೆಯ ಪ್ರಮಾಣಪತ್ರ ಹೊಂದಿಲ್ಲದ ಎಲ್ಲರನ್ನೂ ಆರಂಭಿಕರೆಂದು ಪರಿಗಣಿಸತಕ್ಕದ್ದು. ನಡೆಯಲು ಕಲಿಯುವ ಮೊದಲೇ ಅಲೆಯ ಮೇಲೆ ನಿಂತವರೆಂದು ಹೇಳಲಾಗುವ, ಪ್ರಸ್ತುತ ಎಂಬತ್ತು ದಾಟಿರುವ, ಊರಿಗೆಲ್ಲ 'ಅಂಕಲ್ ಸೊಲೊ' ಎನಿಸಿಕೊಂಡಿರುವ ಶ್ರೀ ಸೊಲೊಮೋನ ಕಾಹೆಲೆ ಅವರೂ ಆರಂಭಿಕರೇ. ಈ ವಿದ್ಯೆ ಅಜ್ಜನ ಅಜ್ಜನಿಂದ ಬಂದದ್ದೆಂದು ವಾದಿಸುವವರು ಸದರಿ ಅಜ್ಜನನ್ನು ಕಚೇರಿ ವೇಳೆಯಲ್ಲಿ ಖುದ್ದು ಹಾಜರುಪಡಿಸತಕ್ಕದ್ದು.

ಆದರೆ ಹೋಟೆಲಿನ ಅತಿಥಿಗಳು ಆರಂಭಿಕರಲ್ಲ. ಅವರು ಆರಂಭವಾಗುವ ಮೊದಲೇ ವಿಮಾನ ಹತ್ತುವುದರಿಂದ ಅವರಿಗೆ ಈ ಸುತ್ತೋಲೆ ಅನ್ವಯಿಸುವುದಿಲ್ಲ.

2. ಹಲಗೆಯ ಉದ್ದ: ಹಲಗೆಯ ಉದ್ದವು ದರ್ಜೆಗೆ ಅನುಗುಣವಾಗಿರತಕ್ಕದ್ದು. ಕಚೇರಿಯಲ್ಲಿ ಹೊಸಬರಿಗೆ ಚಿಕ್ಕ ಮೇಜು, ಅಧಿಕಾರಿಗಳಿಗೆ ದೊಡ್ಡ ಮೇಜು ಇರುವಂತೆ, ಆರಂಭಿಕರಿಗೆ ಕಿರಿದಾದ, ತೆಳುವಾದ, ಮೂತಿ ಚೂಪಾದ ಹಲಗೆಯನ್ನೇ ನೀಡಿ, ಸೇವಾ ಹಿರಿತನದ ಮೇಲೆ ಉದ್ದವನ್ನು ಹಂತಹಂತವಾಗಿ ಮಂಜೂರು ಮಾಡತಕ್ಕದ್ದು. ಅತಿ ಉದ್ದದ ಹಲಗೆಯು ನಿರ್ದೇಶಕರ ಕೊಠಡಿಯ ಗೋಡೆಯ ಮೇಲಿರುತ್ತದೆ. ಅದಕ್ಕೆ ಈವರೆಗೆ ಸಮುದ್ರದ ನೀರು ತಾಗಿರುವುದಿಲ್ಲ. ನಿರ್ದೇಶಕರಿಗೂ ತಾಗಿರುವುದಿಲ್ಲ.

3. ಶನಿವಾರಕ್ಕೆ ಮುನ್ನ ಅಭ್ಯಾಸಕ್ಕೆಂದು ಶ್ರೀಮತಿ ಹೌನಾನಿ ಅವರು ಮೊದಲಿಗೆ ಪತಿಯ ಹಲಗೆಯನ್ನೇ ನೀರಿಗೆ ತಂದಿರುತ್ತಾರೆ. ಅದು ಕಿರಿದಾಗಿಯೂ ತೆಳುವಾಗಿಯೂ ಚೂಪಾಗಿಯೂ ಇದ್ದು, ಕಂಡಿಕೆ 2ಕ್ಕೆ ಸಂಪೂರ್ಣವಾಗಿ ಅನುಗುಣವಾಗಿರುತ್ತದೆ. ಅದರ ಮೇಲೆ ಮಲಗಿದ ಕೂಡಲೇ ಅವರು ನಿಯಮಾನುಸಾರ ಮುಳುಗಿರುತ್ತಾರೆ. ಮತ್ತೆ ಮಲಗಿ, ಮತ್ತೆ ನಿಯಮಾನುಸಾರ ಮುಳುಗಿರುತ್ತಾರೆ. ಆ ಹಲಗೆಯ ಮೇಲೆ ಅವರ ಪತಿಯ ಪಾದದ ಗುರುತು ತಗ್ಗಾಗಿ ಉಳಿದಿತ್ತೆಂದೂ, ಅದಕ್ಕಾಗಿಯೇ ಅದನ್ನು ಬಿಡಲು ಅವರಿಗೆ ಮನಸ್ಸಾಗಲಿಲ್ಲವೆಂದೂ ತಿಳಿದುಬಂದಿದೆ. ಮನಸ್ಸು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲವಾದರೂ ಕಡತದ ಸಂಪೂರ್ಣತೆಗಾಗಿ ನಮೂದಿಸಲಾಗಿದೆ.

ಈ ಹಂತದಲ್ಲಿ ಶ್ರೀ ಸೊಲೊಮೋನ ಅವರು ತಮ್ಮ ಮನೆಯ ಅಟ್ಟದಿಂದ ಹಳದಿಗಟ್ಟಿದ ಹಳೆಯ ಹಲಗೆಯೊಂದನ್ನು ಇಳಿಸಿ ತಂದಿರುತ್ತಾರೆ. ಆಗ ನಡೆದ ಮಾತು ಈ ಕೆಳಕಂಡಂತಿದೆ:

"ಅದು ಎಲಿಯಾನ ಹಲಗೆ ಕಣಮ್ಮ, ಚಾಕು ಇದ್ದ ಹಾಗೆ. ಅವನ ಕಾಲು ಅದಕ್ಕೆ ಗೊತ್ತು, ನಿಂದು ಗೊತ್ತಿಲ್ಲ. ನಿಂಗೀಗ ಬೇಕಾಗಿರೋದು ಬಾಗಿಲು."

"ಬಾಗಿಲಾ, ಅಂಕಲ್?"

"ಹೂಂ. ಉದ್ದ, ಅಗಲ, ದಪ್ಪ. ಮೇಲೆ ಮಲಗಿ ಗೊರಕೆ ಹೊಡೆದ್ರೂ ಮುಳುಗಿಸಬಾರದು. ನೋಡಿದವರು ಭೇಷ್ ಅನ್ನೋ ಹಲಗೆ ಆಮೇಲೆ. ಮೊದಲು ನಿನ್ನ ಹೊರೋ ಹಲಗೆ."

"ಇದು ಹೊತ್ಕೊಂಡು ಹೋದ್ರೆ ಎಲಿಯಾ ನಕ್ಕುಬಿಡ್ತಿದ್ದ."

"ನಗಲಿ ಬಿಡು. ಅವನು ಮೊದಲನೇ ಸಲ ಮುಖ ಅಡಿಯಾಗಿ ಬಿದ್ದಿದ್ದು ಇದರ ಮೇಲಿಂದಾನೇ."

ಸದರಿ ಹಲಗೆಯು ನಿರ್ದೇಶಕರ ಹಲಗೆಗಿಂತ ಒಂದು ಗೇಣು ಉದ್ದವಿರುವುದಾಗಿ ನೆರೆಯವರು ತಿಳಿಸಿದ್ದು, ಇದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಅಲ್ಲದೆ ಅದು ಬಾಗಿಲೆಂದು ಮಾಲೀಕರೇ ಒಪ್ಪಿಕೊಂಡಿರುವುದರಿಂದ, ಅದಕ್ಕೆ ಚಿಲಕ, ಅಗುಳಿ ಹಾಗೂ ಹೊಸ್ತಿಲು ಇವೆಯೇ ಎಂಬುದನ್ನು ಪರಿಶೀಲಿಸಿ ವರದಿ ಮಾಡಲು ಕಟ್ಟಡಗಳ ಶಾಖೆಯನ್ನು ಕೋರಲಾಗಿದೆ.

4. ಹಲಗೆಯ ಪರೀಕ್ಷೆ: ಪ್ರತಿಯೊಂದು ಹಲಗೆಯನ್ನೂ ನೀರಿಗಿಳಿಸುವ ಮೊದಲು ಉಪಕಚೇರಿಯ ಮೊಗಸಾಲೆಯಲ್ಲಿ ತೇಲಿಸಿ ತೋರಿಸತಕ್ಕದ್ದು. ಮೊಗಸಾಲೆಯಲ್ಲಿ ನೀರಿಲ್ಲವೆಂಬ ಆಕ್ಷೇಪಣೆಗಳನ್ನು ಮಳೆಗಾಲದಲ್ಲಿ ಪರಿಶೀಲಿಸಲಾಗುವುದು. ಕಾಲು ಜಾರದಿರಲೆಂದು ಹಲಗೆಗೆ ಮೇಣ ಬಳಿಯುವವರು ಇಲಾಖೆಯ ಎಂಜಿನಿಯರರ ಸಮಕ್ಷಮ ಬಳಿಯತಕ್ಕದ್ದು. ಮೇಣಕ್ಕೆ ತೆಂಗಿನಕಾಯಿಯ ಪರಿಮಳವಿದ್ದಲ್ಲಿ, ಸಿಬ್ಬಂದಿಗೆ ಅಕಾಲದಲ್ಲಿ ಹಸಿವಾಗುವುದರಿಂದ, ಮಧ್ಯಾಹ್ನದ ಊಟದ ನಂತರವೇ ತೆರೆಯತಕ್ಕದ್ದು.

5. ಬೀಳುವಿಕೆ: ಆರಂಭಿಕರು ಕಚೇರಿ ವೇಳೆಯಲ್ಲಿ ಮಾತ್ರ ಬೀಳತಕ್ಕದ್ದು. ಊಟದ ವಿರಾಮದಲ್ಲಿ ಬಿದ್ದವರು ವಿರಾಮ ಮುಗಿಯುವವರೆಗೆ ಮೇಲೆ ಬರತಕ್ಕದ್ದಲ್ಲ.

6. ದಂಡೆಗೆ ದಾರಿ: ಮರಳಿಗೆ ಇಳಿಯುವ ಹಳೆಯ ಕಾಲುದಾರಿಯು ಹೋಟೆಲಿನ ಈಜುಕೊಳದ ಅಂದಕ್ಕೆ ಕುಂದು ತರುತ್ತಿದ್ದುದರಿಂದ ಅದನ್ನು ಮುಚ್ಚಲಾಗಿದೆ. ಸಮುದ್ರಕ್ಕೆ ಹೋಗಬಯಸುವ ಸಾರ್ವಜನಿಕರು ಸಮುದ್ರದ ಕಡೆಯಿಂದ ಬರತಕ್ಕದ್ದು.

ಈ ಸ್ಪಷ್ಟ ಸೂಚನೆಯಿದ್ದಾಗ್ಯೂ, ಶನಿವಾರ ಬೆಳಗ್ಗೆ ಇಡೀ ಊರೇ ಹೂಮಾಲೆ ಧರಿಸಿ, ಹಲಗೆಗಳನ್ನು ತಲೆಯ ಮೇಲೆ ಹೊತ್ತು, ಹೋಟೆಲಿನ ತಿಂಡಿ ಮೇಜುಗಳ ನಡುವಿನಿಂದಲೇ ನಡೆದುಹೋಗಿರುತ್ತದೆ. ಎಲ್ಲರಿಗಿಂತ ಮುಂದೆ ಶ್ರೀಮತಿ ಹೌನಾನಿ ಅವರು ಭಸ್ಮದ ಬುಟ್ಟಿಯನ್ನು ಎದೆಗವಚಿಕೊಂಡು ನಡೆದಿರುತ್ತಾರೆ. ಇದು ಹೋಟೆಲಿನವರು ಏರ್ಪಡಿಸಿದ ಮನರಂಜನೆಯೆಂದು ಭಾವಿಸಿ ಅತಿಥಿಗಳು ಚಪ್ಪಾಳೆ ತಟ್ಟಿರುತ್ತಾರೆ. ಸದರಿ ಮನರಂಜನೆಗೆ ತೆರಿಗೆ ವಿಧಿಸುವ ವಿಷಯವು ಪರಿಶೀಲನೆಯಲ್ಲಿದೆ.

7. ಅನುಮತಿ: ನೀರಿನಂಚಿನಲ್ಲಿ ಎಲ್ಲರೂ ನಿಂತ ಮೇಲೆ, ಶ್ರೀ ಸೊಲೊಮೋನ ಅವರು ರಾಗವೆತ್ತಿ ಸಮುದ್ರವನ್ನು ಕರೆದಿರುತ್ತಾರೆ. ಅದರ ಭಾವ ಹೀಗಿದೆ:

ನೀರೇ, ನಿನ್ನಂಗಳದ ತುದಿಯಲ್ಲಿ ನಿಂತೆವು,
ಕರೆದರೆ ಬಂದೇವು, ಕರೆಯದಿರೆ ಕಾದೇವು.

ಅಂದರೆ ಸಮುದ್ರದ ಅನುಮತಿಯನ್ನು ಹಾಡಿ ಕೇಳಲಾಗಿದ್ದು, ಇಲಾಖೆಯ ಅನುಮತಿಯನ್ನು ಮಾತಿನಲ್ಲಿ ಕೂಡ ಕೇಳಲಾಗಿರುವುದಿಲ್ಲ. ಸಮುದ್ರವು ಒಪ್ಪಿದ ಬಗ್ಗೆ ದಾಖಲೆ ಏನಿದೆಯೆಂದು ನಿರೀಕ್ಷಕರು ವಿಚಾರಿಸಲಾಗಿ, ಶ್ರೀ ಸೊಲೊಮೋನ ಅವರು, "ಸುಮ್ನೆ ನೋಡ್ತಾ ಇರು ತಮ್ಮ. ಅಲೆ ಮೇಲೆ ಅಲೆ ಬಂದು ಆಮೇಲೊಂದು ಬಿಡುವು ಬರುತ್ತಲ್ಲ, ಅದೇ ಅದು ಹೂಂ ಅಂದ ಹಾಗೆ," ಎಂದಿರುತ್ತಾರೆ. ಕೆಲಸ ನಿಂತಿರುವುದನ್ನು ಒಪ್ಪಿಗೆ ಎಂದು ಪರಿಗಣಿಸುವ ಪದ್ಧತಿ ಇಲಾಖೆಯಲ್ಲಿ ಇರುವುದಿಲ್ಲ. ಇದ್ದಿದ್ದರೆ ನಮ್ಮೆಲ್ಲ ಕಡತಗಳೂ ಎಂದೋ ವಿಲೇವಾರಿಯಾಗಿರುತ್ತಿದ್ದವು.

8. ಸ್ಥಳ ಪರಿಶೀಲನೆ: ಹಲಗೆಯನ್ನು ಅಳೆದು, ಹೆಚ್ಚುವರಿ ಉದ್ದವನ್ನು ಸ್ಥಳದಲ್ಲಿಯೇ ಗರಗಸದಿಂದ ಕತ್ತರಿಸಿ ಸರಿಪಡಿಸುವಂತೆ ನಿರೀಕ್ಷಕ ಶ್ರೀ ಅಗುಸ್ತಿನ್ ಅವರಿಗೆ ಆದೇಶಿಸಲಾಗಿತ್ತು. ಅವರು ಅಳತೆಪಟ್ಟಿ ಹಿಡಿದು ಬೂಟುಸಹಿತ ನೀರಿಗಿಳಿದಿರುತ್ತಾರೆ. ಗರಗಸವನ್ನು ಮರೆತು ಬಂದುದಾಗಿ ಅವರೇ ತಿಳಿಸಿದ್ದು, ಇದನ್ನು ಇಲಾಖೆ ನಂಬಿರುವುದಿಲ್ಲ. ಮುಂದಿನ ಸಂಭಾಷಣೆ:

"ಆಂಟಿ, ಒಂದು ನಿಮಿಷ ನಿಲ್ಲಿ. ಅಳತೆ ತಗೋಬೇಕು."

"ಯಾರದು, ಡೆಕ್ಸ್ಟರಾ? ಮೂರನೇ ಕ್ಲಾಸಲ್ಲಿ ಅನ್ನ ಸಾಲ್ದು ಅಂತ ತಟ್ಟೆ ಹಿಡ್ಕೊಂಡು ಮತ್ತೆ ಮತ್ತೆ ಸಾಲಲ್ಲಿ ನಿಲ್ತಿದ್ದೆ. ಆಗ ನಾನು ಅಳತೆ ನೋಡಿದ್ನಾ?"

"ಆಂಟಿ, ನನ್ನ ಕೆಲಸ ಹೋಗುತ್ತೆ."

"ನನಗೆ ಗಂಡಾನೇ ಹೋಗಿದಾನೆ. ಬಿಡುವು ಮುಗಿದ್ರೆ ಅಲೆ ನಿಂಗೋಸ್ಕರ ಕಾಯಲ್ಲ. ಹಿಂದ್ಗಡೆ ಹತ್ಕೋ, ಅಲ್ಲಿ ಹೋಗಿ ಬೇಕಾದಷ್ಟು ಅಳಿ. ಮೊದಲು ಆ ಬೂಟು ಬಿಚ್ಚು."

ನಿರೀಕ್ಷಕರು ಬೂಟು ಬಿಚ್ಚಿರುತ್ತಾರೆ. ಹಲಗೆಯು ಇಬ್ಬರನ್ನೂ ಹೊತ್ತಿರುತ್ತದೆ.

ಅಲೆ ಒಡೆಯುವ ಜಾಗದಲ್ಲಿ ಶ್ರೀಮತಿಯವರು ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ ಹೇಳಿಕೊಂಡರೆಂದೂ, ಆದರೂ ಕೈಗಳಿಂದ ನೀರನ್ನು ಹಿಂದಕ್ಕೆ ಎಳೆಯುವುದನ್ನು ನಿಲ್ಲಿಸಲಿಲ್ಲವೆಂದೂ, ನೊರೆ ಮುಖಕ್ಕೆ ಅಪ್ಪಳಿಸಿದಾಗ ಹಲಗೆ ಒಮ್ಮೆ ಎದ್ದು, ಒಮ್ಮೆ ಇಳಿದು, ಮತ್ತೆ ತನ್ನ ಪಾಡಿಗೆ ಮುಂದೆ ಸಾಗಿತೆಂದೂ ವರದಿಯಾಗಿದೆ. ಆಚೆ ತಲುಪಿ ತಿರುಗಿ ನೋಡಿದಾಗ ದಂಡೆಯಲ್ಲಿ ತಾವು ದಿನವೂ ನಿಲ್ಲುತ್ತಿದ್ದ ಜಾಗವು ಕಣ್ಣಿಗೆ ನೇರವಾಗಿ ಬಿದ್ದಿದ್ದನ್ನು ಅವರು ಗಮನಿಸಿರುತ್ತಾರೆ. ಅದನ್ನು ಬಹಳ ಹೊತ್ತು ನೋಡಿ, ಪಕ್ಕದಲ್ಲಿ ಯಾರೂ ಇಲ್ಲವೆಂಬಂತೆ ಅವರು ಹೇಳಿದ್ದು: "ಇಲ್ಲಿಂದ ನಾನು ಕಾಣ್ತಿದ್ದೆ ಅಂತ ಒಂದು ದಿನಾನಾದ್ರೂ ಬಾಯಿ ಬಿಟ್ನಾ, ಕಳ್ಳ."

ವೃತ್ತದಲ್ಲಿದ್ದವರೆಲ್ಲ ಅಕ್ಕಪಕ್ಕದವರ ಕೈ ಹಿಡಿದುಕೊಂಡಿದ್ದರಿಂದ ನಿರೀಕ್ಷಕರ ಎರಡೂ ಕೈಗಳು ಹಿಡಿಯಲ್ಪಟ್ಟಿರುತ್ತವೆ. ಆದ್ದರಿಂದ ಅಳತೆ ಸಾಧ್ಯವಾಗಿರುವುದಿಲ್ಲ. ಬುಟ್ಟಿಯನ್ನು ಶ್ರೀಮತಿಯವರೇ ತೆರೆದು, ಶ್ರೀ ಎಲಿಯಾ ಪೆಲೆಕಾಯಿ ಅವರನ್ನು ತಮ್ಮ ಕೈಯಿಂದಲೇ ನೀರಿಗೆ ಬಿಟ್ಟಿರುತ್ತಾರೆ. ಆ ಮುಖದ ಮೇಲಿದ್ದ ಉಪ್ಪುನೀರಿನಲ್ಲಿ ಸಮುದ್ರದ ಪಾಲೆಷ್ಟು, ಉಳಿದದ್ದರ ಪಾಲೆಷ್ಟು ಎಂದು ಬೇರ್ಪಡಿಸುವ ಸೌಲಭ್ಯವು ಈ ಕಚೇರಿಯಲ್ಲಿ ಇರುವುದಿಲ್ಲ.

9. ಹಿಂತಿರುಗುವಾಗ ಸರದಿ ಚೀಟಿ ಪಡೆಯದ ಅಲೆಯೊಂದು ಹಲಗೆಯನ್ನು ಹಿಂದಿನಿಂದ ಎತ್ತಿ ದಂಡೆಯವರೆಗೂ ತಂದು ಬಿಟ್ಟಿರುತ್ತದೆ. ಶ್ರೀಮತಿಯವರು ಹೊಟ್ಟೆಯ ಮೇಲೆ ಮಲಗಿಯೇ ಬಂದಿದ್ದು, ನಿಂತಿರುವುದಿಲ್ಲ. ನಿರೀಕ್ಷಕರು ದಾರಿಯಲ್ಲಿ ಬಿದ್ದಿರುತ್ತಾರೆ. ಅದು ಕಚೇರಿ ವೇಳೆಯಾಗಿರಲಿಲ್ಲ. ಮರಳು ತಾಗಿದಾಗ ಶ್ರೀಮತಿಯವರು ಎದ್ದು ಕುಳಿತು, "ಅಂಕಲ್, ಇನ್ನೊಂದ್ಸಲ ಹೋಗಬಹುದಾ?" ಎಂದು ಕೇಳಿದ್ದು, ಶ್ರೀ ಸೊಲೊಮೋನ ಅವರು, "ನನ್ನನ್ನೇನು ಕೇಳ್ತೀಯ, ಆ ಕಡೆ ಕೇಳು," ಎಂದು ಸಮುದ್ರದತ್ತ ಕೈ ತೋರಿಸಿ ಬೆನ್ನು ತಿರುಗಿಸಿ ನಿಂತಿರುತ್ತಾರೆ.

10. ಆದೇಶ: ಮೇಲಿನ ಎಲ್ಲ ಉಲ್ಲಂಘನೆಗಳ ಹಿನ್ನೆಲೆಯಲ್ಲಿ ಹಲಗೆಯನ್ನು ಮುಟ್ಟುಗೋಲು ಹಾಕಿಕೊಳ್ಳಲು ಆದೇಶಿಸಲಾಗಿದೆ. ಮುಟ್ಟುಗೋಲು ಅಧಿಕಾರವು ನೆಲದ ಮೇಲಿರುವ ವಸ್ತುಗಳಿಗಷ್ಟೇ ಅನ್ವಯಿಸುತ್ತದೆ. ಸಿಬ್ಬಂದಿ ಹೋದಾಗಲೆಲ್ಲ ಸದರಿ ಹಲಗೆಯು ನೀರಿನ ಮೇಲಿರುವುದು ಕಂಡುಬಂದಿರುವುದರಿಂದ ಈ ಆದೇಶವನ್ನು ಜಾರಿಯಲ್ಲಿಟ್ಟು, ಜಾರಿಗೊಳಿಸುವುದನ್ನು ಮುಂದೂಡಲಾಗಿದೆ.

(ನಿರ್ದೇಶಕರು ಅನುಮೋದಿಸಿರುತ್ತಾರೆ)

ಸಹಿ/-
ಅಧೀನ ಕಾರ್ಯದರ್ಶಿ
ಆರಂಭಿಕರ ಶಾಖೆ
ಕರಾವಳಿ ಕ್ರಮಬದ್ಧತಾ ಇಲಾಖೆ

ಪ್ರತಿಗಳು:

1. ದಂಡೆಯ ಹೋಟೆಲು ಮಾಲೀಕರಿಗೆ, ತಿಂಡಿ ಮೇಜುಗಳನ್ನು ಇನ್ನಷ್ಟು ಹತ್ತಿರ ಹತ್ತಿರ ಇಡುವ ಸಲಹೆಯೊಂದಿಗೆ.

2. ಕಟ್ಟಡಗಳ ಶಾಖೆಗೆ, ಬಾಗಿಲಿನ ವಿಷಯವಾಗಿ.

3. ಶ್ರೀ ಡೆಕ್ಸ್ಟರ್ ಅಗುಸ್ತಿನ್, ಕ್ಷೇತ್ರ ನಿರೀಕ್ಷಕರಿಗೆ, ಬೂಟು ಕಳೆದುಕೊಂಡ ಬಗ್ಗೆ ವಿವರಣೆ ಕೋರಿ.

4. ಶ್ರೀಮತಿ ಹೌನಾನಿ ಪೆಲೆಕಾಯಿ ಅವರಿಗೆ, ಖುದ್ದು ಜಾರಿಗಾಗಿ. ಈ ಹಿಂದೆ ಇವರ ಮನೆಗೆ ಅಂಟಿಸಿದ್ದ ಸೂಚನಾಪತ್ರವು, "ಸಂಜೆ ಬನ್ನಿ. ಬೆಳಿಗ್ಗೆ ಅಲೆ ಚೆನ್ನಾಗಿರುತ್ತೆ," ಎಂಬ ಷರಾದೊಂದಿಗೆ ವಾಪಸು ಬಂದಿದ್ದು, ಇದು ಸಮಂಜಸ ಕಾರಣವೇ ಎಂಬ ಬಗ್ಗೆ ಕಾನೂನು ಶಾಖೆಯ ಅಭಿಪ್ರಾಯವನ್ನು ನಿರೀಕ್ಷಿಸಲಾಗಿದೆ.