ಮಾವನವರ ಹಣೆಯ ಹೊಳಪು

ನನಗೆ ಹೊಳಪು ಕಂಡರೆ ಮೊದಲಿನಿಂದಲೂ ಆಗದು. ಮದುವೆ ಕಾರ್ಡಿನಿಂದ ಹಿಡಿದು ಮನೆಯ ಬಾಗಿಲಿನವರೆಗೆ ಎಲ್ಲವೂ ಮಿಂಚಬೇಕು ಎನ್ನುವವರ ನಡುವೆ, ಮಿಂಚದೇ ಇರುವುದೇ ಕಲೆ ಎಂದು ಸಾಧಿಸುತ್ತ, ಬೆಟಗೇರಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿ ನಿವೃತ್ತನಾದೆ. ಮಕ್ಕಳು ಪಾಪ, ತಲೆಯಾಡಿಸಿದರು. ನಮ್ಮ ಅತ್ತೆಯವರು ಆಡಿಸಲಿಲ್ಲ.

ಮಾವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಫೋಟೋ ಎಂದರೆ ದೂರ ಸರಿಯುವ ಮನುಷ್ಯ. ಉಳಿದದ್ದು ಮತದಾರರ ಚೀಟಿಯ ಮಸುಕು ಮುಖವೊಂದೇ. ಶಿರಹಟ್ಟಿಯಿಂದ ನಮ್ಮಲ್ಲಿಗೆ ಬಂದಿದ್ದ ಅತ್ತೆ, 'ಅಳ್ಯಾರ, ಅವರ ಮುಖಾ ಮರತ ಹೊಂಟೈತ್ರಿ. ಒಂದು ಚಿತ್ರಾ ತಗೀರಿ' ಎಂದರು. ಅಕ್ರಿಲಿಕ್ ಬಣ್ಣಕ್ಕೆ ಹೊಳಪು ಅಡಗಿಸುವ ಮ್ಯಾಟ್ ಮೀಡಿಯಂ ಧಾರಾಳವಾಗಿ ಬೆರೆಸಿ, ಹದಿನೈದು ದಿನ ಕೂತು ಬರೆದೆ. ಮೂಗು, ಮೀಸೆ, ಕಿವಿ ಎಲ್ಲ ಕರಾರುವಾಕ್ಕು.

ಅತ್ತೆ ಬಹಳ ಹೊತ್ತು ನೋಡಿದರು. 'ಚೊಲೋ ಆಗೇತ್ರಿ. ಆದ್ರ ಇವರು ಅವರಲ್ಲ' ಎಂದರು. ಮ್ಯಾಟ್‌ನ ಗಾಂಭೀರ್ಯ ಕುರಿತು ಅರ್ಧ ತಾಸು ಉಪನ್ಯಾಸ ಕೊಟ್ಟೆ. ಅವರು ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡರಂತೆ. 'ಅವ್ವ ಒಂದು ಮುಖಾ ಕೇಳಿದ್ಲು, ನೀವು ಪಾಠಾ ಹೇಳಿದ್ರಿ' ಎಂದು ಹೆಂಡತಿ ಸಿಡುಕಿದಳು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಅತ್ತೆ ಕುಸುಬಿ ಎಣ್ಣೆಯ ಬಟ್ಟಲು ಹಿಡಿದು ಚಿತ್ರದ ಹಣೆಗೆ ತಿಕ್ಕುತ್ತಿದ್ದಾರೆ! 'ಅಯ್ಯಯ್ಯೋ, ಏನು ಮಾಡಾಕ ಹತ್ತೀರಿ?' ಎಂದು ಚೀರಿದೆ.

'ದಿನಾ ಅವರ ನೆತ್ತಿಗೆ ನಾನ ಎಣ್ಣಿ ಹಚ್ಚತಿದ್ನಿರಿ. ಹಣಿಗೆಲ್ಲಾ ಇಳೀತಿತ್ತು. ಹಂಗ ಹೊಲಕ್ಕ ಹೋಗತಿದ್ರು. ನೀವು ಒಣಾ ಮುಖಾ ತಗದೀರಿ' ಎಂದರು ಸಣ್ಣ ದನಿಯಲ್ಲಿ. ರೇಗಲು ಬಾಯಿ ತೆರೆದವನು ಚಿತ್ರದತ್ತ ನೋಡಿದೆ. ಎಣ್ಣೆ ತಾಗಿದ ಅಂಗೈಯಗಲ ಜಾಗದಲ್ಲಿ, ಸುಳ್ಳೇಕೆ, ಮಾವ ಇದ್ದರು. ನನಗೆ ನಾಚಿಕೆಯಾಯಿತು.

ಎಣ್ಣೆಯನ್ನು ಸೋಪಿನ ನೀರಿನಿಂದ ಮೆತ್ತಗೆ ಒರೆಸಿ, ಒಣಗಿದ ಮೇಲೆ, ಜನ್ಮದಲ್ಲಿ ಮುಟ್ಟುವುದಿಲ್ಲ ಎಂದಿದ್ದ ಹೊಳಪು ತರಿಸುವ ಗ್ಲಾಸಿ ಮೀಡಿಯಂ ತಂದು ಹಣೆಗೆ, ಕೆನ್ನೆಗೆ, ಮೂಗಿನ ತುದಿಗೆ ತೆಳ್ಳಗೆ ಎಳೆದೆ. ಹಚ್ಚುವಾಗ ಹಾಲಿನಂತೆ ಬೆಳ್ಳಗಿದ್ದುದು ಒಣಗುತ್ತ ತಿಳಿಯಾಯಿತು. ಅಂಗಿಯನ್ನು ಮಾತ್ರ ಮ್ಯಾಟ್‌ನಲ್ಲೇ ಬಿಟ್ಟೆ, ನನ್ನ ಮರ್ಯಾದೆಗೆ.

ಅತ್ತೆಯನ್ನು ಕರೆದೆ. ಹೊಸ್ತಿಲು ದಾಟಿದವರು ಗಕ್ಕನೆ ನಿಂತು, ಸೆರಗು ಎಳೆದು ತಲೆತುಂಬ ಹೊದ್ದುಕೊಂಡರು. ಮಾವ ಎದುರಿಗೆ ಬಂದಾಗ ಹೀಗೇ ಮಾಡುತ್ತಿದ್ದರು. ವರ್ಷದಿಂದ ಆ ಅಭ್ಯಾಸ ತಪ್ಪಿತ್ತು. ನನ್ನ ಎದೆ ಉಬ್ಬಿತು. ಹೊಗಳಿಕೆ ಇನ್ನೇನು ಬಂತು ಎಂದು ಚಿತ್ರದ ಮುಂದೆಯೇ ಕೈಕಟ್ಟಿ, ವಿನಯದಿಂದ ತಲೆ ತಗ್ಗಿಸಿ ನಿಂತೆ.

'ಅಳ್ಯಾರ, ಸ್ವಲ್ಪ ಸರೀರಿ,' ಎಂದರು ಅತ್ತೆ. 'ಅವರು ಕಾಣವಲ್ರು.'