ವಾಯರಿನ ಬಾಯಲ್ಲಿ ಕುಂಕುಮ

ಎಲ್ಲಕ್ಕೂ ಮೂಲ ಖಂಡೇನವಮಿಯ ಆಯುಧ ಪೂಜೆ. ಪುಣೆಯ ಕೊಂಢವಾ ಬಡಾವಣೆಯ ಒಂದು ಸಣ್ಣ ಕಂಪನಿಯಲ್ಲಿ ಕಸ ಗುಡಿಸುವ ಪಾರವ್ವ ಅಂದು ಫ್ಯಾನು, ಕುರ್ಚಿ, ಚಹಾದ ಥರ್ಮಾಸು ಯಾವುದನ್ನೂ ಬಿಡದೆ ಕುಂಕುಮ ಹಚ್ಚಿದ್ದಳು. ಊರ ಕಡೆಯವನೆಂಬ ಅಕ್ಕರೆಗೆ ಸಿದ್ದಲಿಂಗಪ್ಪನ ಅಳತೆ ಯಂತ್ರಕ್ಕೆ ಎರಡು ಪಟ್ಟು.

ಸಿದ್ದಲಿಂಗಪ್ಪ ಮಾಡುತ್ತಿದ್ದದ್ದು ಮೊಬೈಲಿನಂಥವುಗಳ ಒಳಗೆ ಕೂರುವ ಫಿಲ್ಟರು. ಅಕ್ಕಿಕಾಳಿನಷ್ಟು ಹರಳು, ಅದರ ಮೇಲೆ ಕೂದಲಿಗಿಂತ ಸಪೂರ ಲೋಹದ ಗೆರೆಗಳು. ಸಿಗ್ನಲ್ಲು ಅಲೆಯಾಗಿ ಹರಳಿನ ಮೈಮೇಲೆ ಓಡಿ, ಬೇಕಾದಷ್ಟೇ ಆಚೆ ದಾಟಬೇಕು. ದಾಟುವಾಗ ಒಂದಿಷ್ಟು ಪಕ್ಕಕ್ಕೆ ಸೋರುತ್ತದೆ, ಒಂದಿಷ್ಟು ಹರಳಿನ ಹೊಟ್ಟೆಗೆ ಇಳಿಯುತ್ತದೆ. ಆ ನಷ್ಟವನ್ನು ಎರಡು ಡೆಸಿಬೆಲ್ಲಿನೊಳಗೆ ತರಬೇಕಿತ್ತು. ಹತ್ತು ತಿಂಗಳು ಗೆರೆಗಳ ಅಂತರ ಬದಲಿಸಿ, ಅಲೆ ಆಚೆ ಹೋಗದಂತೆ ತುದಿಗೆ ಬೇಲಿ ಹಾಕಿ ಒದ್ದಾಡಿದರೂ ಅದು ಎರಡು ಪಾಯಿಂಟ್ ಮೂರಕ್ಕೆ ಬಂದು ಕೂತುಬಿಟ್ಟಿತ್ತು.

ಹಬ್ಬದ ರಜೆ ಮುಗಿದ ದಿನ ಬೆಳಿಗ್ಗೆಯೇ ಸಾಹೇಬ ಬಸವಲಿಂಗ ಬಂದು ನಿಂತರು.

"ನಾಕಕ್ಕ ಗಿರಾಕಿ ಬರ್ತಾರ. ಎರಡರ ಒಳಗ ಬರಲಿಲ್ಲಂದ್ರ ಈ ಕೆಲಸಾನ ಬಂದ್. ನಿಮ್ಮನ್ನ ಕುರಕುಂಭದ ಗೋದಾಮಿಗೆ ಹಾಕಬೇಕಾಗ್ತದ ನೋಡ್ರಿ."

ಕುರಕುಂಭವೆಂದರೆ ಪುಣೆಯಿಂದ ದೂರ, ಬೆಳಿಗ್ಗೆ ಆರರ ಬಸ್ಸು, ರಾತ್ರಿ ಊಟದ ಹೊತ್ತಿಗೆ ಮನೆ. ಹೆಂಡತಿ ಶಿವಕಾಂತಾಳ ಜೋಳದ ರೊಟ್ಟಿಗೆ ಈಗಷ್ಟೇ ನಲವತ್ತು ಮನೆ ಗಿರಾಕಿ ಕುದುರಿದ್ದವು. "ನೀವ ಹೋಗ್ರಿ. ನನ್ನ ಹಂಚು ಇಲ್ಲೇ ಇರ್ತದ" ಎಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು.

ಸಿದ್ದಲಿಂಗಪ್ಪ ದಿನದಂತೆ ಯಂತ್ರದ ಎರಡು ವಾಯರುಗಳ ಬಾಯಿಗೆ ಬಾಯಿ ಜೋಡಿಸಿ, ಈ ದಾರಿಯಲ್ಲಿ ಕಳೆದದ್ದೆಲ್ಲ ವಾಯರಿನ ತಪ್ಪು, ಫಿಲ್ಟರಿನ ತಲೆಗೆ ಕಟ್ಟಬೇಡ ಎಂದು ಯಂತ್ರಕ್ಕೆ ಪಾಠ ಮಾಡಿ ಚಹಾಕ್ಕೆ ಹೋದ. ಬಂದು ಫಿಲ್ಟರು ಕೂರಿಸಿದ. ಒಂದು ಪಾಯಿಂಟ್ ಏಳು! ಕಣ್ಣುಜ್ಜಿಕೊಂಡು ನೋಡಿದ. ಆಗಲೂ ಅಷ್ಟೇ.

"ಬೇಲಿ ಗಟ್ಟಿ ಮಾಡ್ರಿ ಅಂತ ನಾ ಹೇಳಿದ್ದಿಲ್ಲೇನ್ರಿ?" ಎಂದರು ಬಸವಲಿಂಗ. ಅವರು ಹೇಳಿರಲಿಲ್ಲ. ಪೇಢೆ ಬಂತು.

"ಸುಮ್ನಿರ್ರಿ ಸಾಹೇಬ್ರ, ಅದು ನನ್ನ ಕುಂಕುಮದ ಪುಣ್ಯಾ" ಎಂದಳು ಪಾರವ್ವ. ಎಲ್ಲರಿಗಿಂತ ಜೋರಾಗಿ ನಕ್ಕವನು ಸಿದ್ದಲಿಂಗಪ್ಪ.

ಮೂರೂವರೆಗೆ ಎರಡನೆಯ ಪೇಢೆ ಬಾಯಿಗಿಟ್ಟಾಗ ಅವನಿಗೆ ಅನುಮಾನ ಹುಟ್ಟಿತು. ಹತ್ತು ತಿಂಗಳಲ್ಲಿ ಕೂದಲಷ್ಟೂ ಅಲ್ಲಾಡದ್ದು ಇವತ್ತು ತಾನಾಗಿ ಹೇಗೆ ಇಳಿಯಿತು? ಫಿಲ್ಟರು ತೆಗೆದು ಬರೀ ವಾಯರುಗಳನ್ನು ಜೋಡಿಸಿ ನೋಡಿದ. ನಷ್ಟ ಸೊನ್ನೆ ಬರಬೇಕು. ಆದರೆ ಕೊಟ್ಟದ್ದಕ್ಕಿಂತ ಹೆಚ್ಚು ಹೊರಗೆ ಬರುತ್ತಿತ್ತು! ನಡುವೆ ಏನೂ ಇಲ್ಲದೆ ಪಾಯಿಂಟ್ ಆರು ಲಾಭ. ಉಳಿದ ಪೇಢೆಯನ್ನು ಪಕ್ಕಕ್ಕಿಟ್ಟ.

"ಪಾರವ್ವಾ, ಈ ಮಷಿನ್ ಮುಟ್ಟಿದ್ದೇನವಾ?"

"ನೀವು ಚಾಕ್ಕ ಹೋದಾಗ ವಾಯರಿನ ಬಾಯಾಗಿನ ಕುಂಕುಮ ಒರಸೀನ್ರಿ. ಗಿರಾಕಿ ಬರ್ತಾರ, ಸ್ವಚ್ಛ ಇರಲಿ ಅಂದ್ರು ಸಾಹೇಬ್ರು."

ಬೆಳಿಗ್ಗೆ ಕುಂಕುಮ ನುಂಗಿದ್ದನ್ನೂ ಯಂತ್ರ ವಾಯರಿನ ತಪ್ಪೆಂದೇ ಕಲಿತಿತ್ತು. ಕುಂಕುಮ ಹೋದ ಮೇಲೂ ಅಷ್ಟನ್ನು ಫಿಲ್ಟರಿಗೆ ಮಾಫಿ ಮಾಡುತ್ತಲೇ ಇತ್ತು. ಹೊಸದಾಗಿ ಪಾಠ ಮಾಡಿ ಅಳೆದ. ಅದೇ ಎರಡು ಪಾಯಿಂಟ್ ಮೂರು. ಕುಂಕುಮದ ಪುಣ್ಯವೆಂದು ಪಾರವ್ವ ಹೇಳಿದ್ದೇ ನಿಜವಾಯಿತು.

ಬಸವಲಿಂಗ ಗಡಿಯಾರ ನೋಡಿದರು. "ಇನ್ನ ಹತ್ತು ನಿಮಿಷ ಅದ. ಪಾರವ್ವನ್ನ ಕರೀರಿ, ಮತ್ತೊಮ್ಮೆ ಹಚ್ಚಿಸ್ರಿ!"

ಸಿದ್ದಲಿಂಗಪ್ಪ ಪಾರವ್ವನನ್ನು ಕರೆಯಲಿಲ್ಲ. ಸುಳ್ಳು ಹೇಳಿದರೆ ಪುಣೆ, ನಿಜ ಹೇಳಿದರೆ ಕುರಕುಂಭ. ಹತ್ತು ತಿಂಗಳು ಒಂದೊಂದು ಅಂಕಿಯನ್ನೂ ಇದ್ದಂತೆಯೇ ಬರೆದ ನೋಟ್‌ಬುಕ್ಕು ಎದುರಿಗಿತ್ತು. ಅವನು ಅದನ್ನು ತೆರೆದಿಟ್ಟ. ಗಿರಾಕಿ ಏಕನಾಥ ಒಳಗೆ ಬಂದದ್ದೇ ತಡ, ಕುಂಕುಮದ ಕತೆಯನ್ನೆಲ್ಲ ಹರಕು ಮುರುಕು ಮರಾಠಿಯಲ್ಲಿ ಒದರಿಬಿಟ್ಟ.

ಏಕನಾಥ ಕನ್ನಡಕ ಒರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಗಂಭೀರವಾಗಿ, ಬೇರೆ ಎರಡು ಕಂಪನಿಯವರು ಒಂದು ಪಾಯಿಂಟ್ ಏಳು ತೋರಿಸಿದ್ದರು, ನಮ್ಮಲ್ಲಿ ಅಳೆದರೆ ಎರಡು ಪಾಯಿಂಟ್ ಆರು ಬಂತು, ನಿಮ್ಮ ಎರಡು ಪಾಯಿಂಟ್ ಮೂರು ನಮಗೆ ಧಾರಾಳ ಸಾಕು ಎಂದರು. ಷರತ್ತು ಒಂದೇ: ತಯಾರಾಗುವ ಪ್ರತಿ ಪೀಸನ್ನೂ ಸಿದ್ದಲಿಂಗಪ್ಪನೇ ಅಳೆಯಬೇಕು.

"ಅಳೀತಾರ, ಅಳೀತಾರ!" ಬಸವಲಿಂಗ ಖುಷಿಯಲ್ಲಿ ಮರಾಠಿಯನ್ನೇ ಮರೆತರು. "ತಯಾರಿ ಮಾಡಾಕ ಹೊಸಾ ಶೆಡ್ಡೂ ರೆಡಿ ಅದ. ಕುರಕುಂಭದ ಗೋದಾಮಿನ ಬಾಜೂಕನ!"

ಸಂಜೆ ಸಿದ್ದಲಿಂಗಪ್ಪ ಶಿವಕಾಂತಾಗೆ ಫೋನು ಹಚ್ಚಿದ.

"ಗೋದಾಮು ತಪ್ಪಿತಿಲ್ಲರಿ?"

"ತಪ್ಪಿತು. ಅದರ ಬಾಜೂ ಶೆಡ್ಡಿಗೆ ನನ್ನ ದೊಡ್ಡ ಸಾಹೇಬ ಮಾಡ್ಯಾರ."

ಆ ಕಡೆ ರೊಟ್ಟಿ ಬಡಿದು ಹಂಚಿಗೆ ಹಾಕಿದ ಸದ್ದು ಕೇಳಿಸಿತು.

"ದೊಡ್ಡ ಸಾಹೇಬಗ ಬ್ಯಾರೆ ಬಸ್ ಅದ ಏನ್ರಿ?"

"ಇಲ್ಲ. ಅದ ಆರರ ಬಸ್ಸು."

"ಹಂಗಾರ ಬುತ್ತಿ ಐದಕ್ಕ ಕಟ್ಟತೀನಿ" ಎಂದು ಫೋನಿಟ್ಟಳು.