ಮೂರನೆಯ ಕೋಣೆಯ ಉಸಿರು

ತೊಂದರೆಯೆಲ್ಲ ಶುರುವಾದದ್ದು ಓದುವ ಅಜ್ಜಿಯ ಉಸಿರಿನಿಂದ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುವ ಆ ಕಚೇರಿಯಲ್ಲಿ ಅಜ್ಜಿಯದೇ ಒಳ್ಳೆಯ ದನಿ. ಆದರೆ ಪ್ರತಿ ವಾಕ್ಯಕ್ಕೆ ಮುಂಚೆ ಆಕೆ ಎಳೆದುಕೊಳ್ಳುವ ಉಸಿರು ನೆಲದ ಮೇಲೆ ಚಾಪೆ ಎಳೆದಂತೆ ಕೇಳಿಸುತ್ತಿತ್ತು.

ಫೋನ್ ಎತ್ತುವ ಮೇಜಿನಲ್ಲಿ ಕೊಳೆಯುತ್ತಿದ್ದ ಹುಡುಗನೊಬ್ಬ, ಉಸಿರು ಅಳಿಸುವ ಒಂದು ಪ್ಲಗಿನ್, ಅಂದರೆ ರೆಕಾರ್ಡಿಂಗ್ ತಂತ್ರಾಂಶಕ್ಕೆ ಜೋಡಿಸುವ ಪುಟ್ಟ ಪ್ರೋಗ್ರಾಂ, ಬರೆಯುತ್ತೇನೆಂದ. ಯಜಮಾನರು ಮೂರು ತಿಂಗಳು ಕೊಟ್ಟರು. ಇವತ್ತು ಕೊನೆಯ ದಿನ.

"ಸಂಜೆ ಐದಕ್ಕೆ ಮೂರೂ ಕೋಣೇಲಿ ಓಡ್ಬೇಕು. ಇಲ್ಲಾಂದ್ರೆ ಫೋನು ನಿನ್ನ ದಾರಿ ಕಾಯ್ತಿದೆ," ಎಂದರು ಯಜಮಾನರು.

ರೆಕಾರ್ಡಿಂಗಿನ ಮೂರು ಕೋಣೆಗಳ ಕಂಪ್ಯೂಟರುಗಳಲ್ಲಿ ಮೂರು ಬಗೆಯ ಆಪರೇಟಿಂಗ್ ಸಿಸ್ಟಂ. ಮಾತು ಬಿಟ್ಟ ಅಣ್ಣತಮ್ಮಂದಿರಂತೆ, ಒಂದಕ್ಕೆ ಬಡಿಸಿದ್ದನ್ನು ಇನ್ನೊಂದು ಮುಟ್ಟುತ್ತಿರಲಿಲ್ಲ. ಅವನು ತನ್ನ ಒಂದೇ ಕಂಪ್ಯೂಟರಿನಲ್ಲಿ ಕೂತು ಮೂರಕ್ಕೂ ಕಂಪೈಲ್ ಮಾಡಬೇಕು, ಬರೆದದ್ದನ್ನು ಆಯಾ ಯಂತ್ರ ಓಡಿಸುವಂತೆ ಮಾರ್ಪಡಿಸಬೇಕು. ಮುಖ ಕಾಣದ ಗಿರಾಕಿಗೆ ಅಂಗಿ ಹೊಲಿಯುವ ದರ್ಜಿಯ ಪಾಡು.

ಮೊದಲ ಕೋಣೆಯಲ್ಲಿ ಉಸಿರು ಹೋಯಿತು, ಜೊತೆಗೆ ವಾಕ್ಯಗಳ ನಡುವಿನ ಬಿಡುವೂ. ರಾಜ ಸತ್ತದ್ದೂ ಅವನ ಮಗನ ಮದುವೆಯೂ ಒಂದೇ ಗುಕ್ಕಿನಲ್ಲಿ ಮುಗಿದವು.

"ಏನೋ ಇದು, ಅಜ್ಜಿ ಬಸ್ಸು ಹಿಡಿಯೋಕೆ ಓಡ್ತಿದಾರಾ?" ಎಂದಳು ಪಕ್ಕದ ಮೇಜಿನ ಅಕ್ಕ.

ಎರಡನೆಯ ಕೋಣೆಯಲ್ಲಿ ಪ್ಲಗಿನ್ ಪ್ರತಿ ವಾಕ್ಯದ ಬಾಲವನ್ನೂ ಕಚ್ಚಿ ನುಂಗಿತು. ಮೂರನೆಯದಕ್ಕೆ ಕಂಪೈಲೇ ಆಗಲಿಲ್ಲ. ಉಸಿರು ಕತ್ತರಿಸುವ ಭಾಗ ಬಂದಾಗಲೆಲ್ಲ ಪರದೆ ತುಂಬ ಕೆಂಪು ಸಾಲುಗಳು. ಗಂಟೆ ನಾಲ್ಕೂವರೆ.

"ರಗಳೆ ಮಾಡೋ ಭಾಗಾನ ಸ್ವಲ್ಪ ಹೊತ್ತು ಆಚೆ ಇಡೋ. ಮಿಕ್ಕಿದ್ದಾದ್ರೂ ಸರಿಯಾಗಿದೆಯಾ ನೋಡೋಣ," ಎಂದಳು ಅಕ್ಕ.

ಆಚೆ ಇಟ್ಟ. ಕಂಪೈಲ್ ಆಯಿತು. ಉಳಿದದ್ದು ಪರದೆಯ ಮೇಲೆ ತಿರುಗಿಸುವ ಒಂದು ಗುಂಡಿ, ಒಂದು ಹಸಿರು ದೀಪ, ಅಷ್ಟೇ; ಉಸಿರಿಗೆ ಎರಡರಿಂದಲೂ ಏನೂ ಆಗದು.

"ಆಯ್ತು ಸಾರ್!" ಎಂದು ಅಕ್ಕ ಕೂಗಿಬಿಟ್ಟಳು. ಅವನು ತಡೆಯುವಷ್ಟರಲ್ಲಿ ಆಕೆ ಕಳಿಸಿದ ಫೈಲು ಮೂರನೆಯ ಕೋಣೆ ಸೇರಿತ್ತು.

ಯಜಮಾನರು ಕಣ್ಣು ಮುಚ್ಚಿ ಗುಂಡಿ ತಿರುಗಿಸಿದರು. "ಆಹಾ! ಇಷ್ಟು ತಿರುಗಿಸಿದ್ರೆ ಎಷ್ಟು ವ್ಯತ್ಯಾಸ ನೋಡಿ! ಉಸಿರಿದೆ, ಆದ್ರೆ ಹಿತವಾಗಿದೆ. ಉಳಿದ ಎರಡಕ್ಕೂ ಹಿಂಗೇ ಮಾಡು."

ನಿಜ ಹೇಳಲು ಅವನು ಬಾಯಿ ತೆರೆದ. ಹೇಳಿದರೆ ಫೋನು. ಬಾಯಿ ಮುಚ್ಚಿದ. ಮೂರು ತಿಂಗಳ ಕೆಲಸವನ್ನು ಹತ್ತು ನಿಮಿಷದಲ್ಲಿ ಅಳಿಸಿ, ಉಳಿದೆರಡು ಕೋಣೆಗಳಿಗೂ ಗುಂಡಿ, ದೀಪ ಕೊಟ್ಟ.

ಅಜ್ಜಿ ಚೀಲ ಹೆಗಲಿಗೇರಿಸಿಕೊಂಡು ಅವನ ಬಳಿ ನಿಂತರು. ಎಲ್ಲ ಗೊತ್ತಾದವರ ನಗು. "ಒಳ್ಳೇದು ಮಾಡ್ದೆ ಕಣಪ್ಪ. ಕಾಣದವರಿಗೆ ಎದುರಿಗೊಬ್ಬರು ಕೂತಿದಾರೆ ಅಂತ ಗೊತ್ತಾಗೋದೇ ಉಸಿರಿಂದ."

ಅವನ ಎದೆ ಹಗುರಾಯಿತು. ಅಷ್ಟರಲ್ಲಿ ಯಜಮಾನರ ಕೈ ಹೆಗಲ ಮೇಲೆ ಬಿತ್ತು.

"ಭೇಷ್! ಇಷ್ಟು ಅಚ್ಚುಕಟ್ಟಾಗಿ ಮುಗಿಸಿದೀಯ, ಇನ್ನು ಮಾಡೋಕೆ ಏನೂ ಉಳಿದಿಲ್ಲ. ನಾಳೆಯಿಂದ ಫೋನ್ ಮೇಜಿಗೆ ಹೋಗ್ಬಿಡು."

ಮರುದಿನ ಬೆಳಿಗ್ಗೆ ಫೋನು ಬಡಿದುಕೊಂಡಿತು. ಅವನು ಎತ್ತಿದ, ಮಾತೇ ಹೊರಡಲಿಲ್ಲ.

ಆಚೆಯ ಹೆಂಗಸು ಪಕ್ಕದವಳಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: "ಯಾರೂ ಮಾತಾಡ್ತಿಲ್ಲ ಕಣೆ. ಆದ್ರೆ ಯಾರೋ ಇದಾರೆ. ಉಸಿರು ಕೇಳಿಸ್ತಿದೆ."